ಮೂವತ್ತೆಂಟು ಮೆಟ್ಟಿಲ ಕೆಳಗೆ ಕಾಯುತ್ತಿದ್ದವರ ಸಹಿ

ಮಾನ್ಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳೇ,

ಕಳೆದ ವರ್ಷ ಜೂನ್ ತಿಂಗಳಲ್ಲಿ ನಿಮ್ಮ ಕಚೇರಿ ನನ್ನ ಗಂಡನ ಸಹಿ ಅವರದಲ್ಲವೆಂದು ತೀರ್ಮಾನಿಸಿತು. ಸಹಿ ಮಾಡಿದವರು ಆ ಹೊತ್ತಿನಲ್ಲಿ ನಿಮ್ಮ ಕಟ್ಟಡದ ಕೆಳಗೆ, ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ನಿಮ್ಮ ಕೌಂಟರಿಗೂ ಅವರಿಗೂ ನಡುವೆ ಮೂವತ್ತೆಂಟು ಮೆಟ್ಟಿಲುಗಳಿದ್ದವು. ಅವರಿಗೆ ಹತ್ತಲು ಆಗುತ್ತಿರಲಿಲ್ಲ, ನಿಮ್ಮವರು ಇಳಿಯಲು ಒಪ್ಪಲಿಲ್ಲ. ನನ್ನ ದೂರು ಇಷ್ಟೇ. ಇಷ್ಟು ಸಣ್ಣ ವಿಷಯಕ್ಕೆ ಬಹಿರಂಗ ಪತ್ರವೇ ಎಂದು ನೀವು ಕೇಳಬಹುದು. ನಾನೂ ಒಂದು ವರ್ಷ ಅದನ್ನೇ ಕೇಳಿಕೊಂಡೆ.

ಓದಿದ್ದೆಲ್ಲ ಇಂಗ್ಲಿಷ್ ಮಾಧ್ಯಮದಲ್ಲಾದ್ದರಿಂದ ಈ ಪತ್ರವನ್ನೂ ಮೊದಲು ಇಂಗ್ಲಿಷಿನಲ್ಲೇ ಬರೆದೆ. ಓದಿ ನೋಡಿದರೆ ಕೆಟ್ಟುಹೋದ ವಾಷಿಂಗ್ ಮೆಷಿನ್ ಬಗ್ಗೆ ಕೊಟ್ಟ ದೂರಿನಂತಿತ್ತು. ಹರಿದುಹಾಕಿ ಮನೆಮಾತಿನಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಬಹುದು, ಅದು ನಿಮ್ಮ ಕಚೇರಿಗೆ ಅಭ್ಯಾಸವಿದೆ.

ನನ್ನ ಗಂಡ ಜಯಸಿಂಹ ಪೀಣ್ಯದ ಒಂದು ಯಂತ್ರೋಪಕರಣ ಕಾರ್ಖಾನೆಯ ವಿನ್ಯಾಸ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಅವರ ಸಹಿ ಬೀಳದೆ ಒಂದು ಡ್ರಾಯಿಂಗೂ ಕೆಳಗಿನ ಯಂತ್ರಗಳವರೆಗೆ ಇಳಿಯುತ್ತಿರಲಿಲ್ಲ. ಕೊನೆಯ ಮೂರು ವರ್ಷ ಕಂಪನಿ ಅವರನ್ನು ಪುಣೆಯ ಘಟಕಕ್ಕೆ ಕಳಿಸಿತ್ತು. ಶಾಲೆಯಲ್ಲಿ ಗಣಿತ ಕಲಿಸುವ ನಾನು ಇಲ್ಲೇ ಉಳಿದೆ. ಅವರು ಅಲ್ಲೊಂದು ಸಣ್ಣ ಕಾರು ಕೊಂಡರು. ರಜೆಗೆ ನಾನು ಹೋದಾಗ ಮೈದಾನವೊಂದರಲ್ಲಿ ಕ್ಲಚ್ಚು, ಗೇರು ಕಲಿಸಿದರು. ೨೦೧೨ರ ಮಾರ್ಚಿನಲ್ಲಿ ಪೀಣ್ಯಕ್ಕೆ ಮರಳುವ ಆದೇಶ ಬಂದಿತ್ತು. ಇಬ್ಬರೂ ಅದೇ ಕಾರಿನಲ್ಲಿ ಬೆಂಗಳೂರಿಗೆ ಬರುವುದೆಂದು ಗೊತ್ತುಮಾಡಿದ್ದೆವು. ಅದಕ್ಕಾಗಿಯೇ ನಾನು ಜನವರಿಯಲ್ಲಿ ಎಲ್‌ಎಲ್‌ಆರ್ ಮಾಡಿಸಿದೆ. "ಚಿತ್ರದುರ್ಗದ ತನಕ ನಾನು, ಆಮೇಲೆ ನೀನು. ಎಲ್ ಬೋರ್ಡ್ ಹಾಕ್ಕೊಂಡು ಮನೆ ಗೇಟಿನೊಳಗೆ ನೀನೇ ತಂದು ನಿಲ್ಲಿಸ್ಬೇಕು" ಎಂದಿದ್ದರು. ಅಚ್ಚುಕಟ್ಟಿನ ಮನುಷ್ಯ. ಪುಣೆಯ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆಯುವ ಅರ್ಜಿಗಳಿಗೆಲ್ಲ ಮೊದಲೇ ಸಹಿ ಹಾಕಿ ಗೆಳೆಯರಿಗೆ ಕೊಟ್ಟಿದ್ದರು.

ಫೆಬ್ರವರಿಯಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ದೇಹದ ಬಲಭಾಗ ಹೋಯಿತು, ಮಾತು ನಾಲ್ಕೈದು ಪದಗಳಿಗೆ ಇಳಿಯಿತು. ಅವರನ್ನು ರೈಲಿನಲ್ಲಿ ಮಲಗಿಸಿಕೊಂಡು ಕರೆತಂದೆ. ಕಾರು ಅಲ್ಲೇ ಉಳಿಯಿತು.

ಎಂಟುನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಕಾರು, ಇಲ್ಲಿ ಎಲ್‌ಎಲ್‌ಆರ್ ಹಿಡಿದ ನಾನು. ಕಲಿಯುವವರು ಓಡಿಸಬಹುದು, ಆದರೆ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು ಎನ್ನುತ್ತದೆ ನಿಮ್ಮ ನಿಯಮ. ನ್ಯಾಯವಾದ ನಿಯಮ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು, ಪಾಪ, ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿದರು: "ಸಾರ್ ಲೈಸೆನ್ಸ್ ಇನ್ನೂ ಇದೆಯಲ್ಲ ಮೇಡಂ, ಪಕ್ಕದಲ್ಲಿ ಕೂರ್ಸಿಬಿಡಿ. ಯಾರ್ ಕೇಳ್ತಾರೆ?" ನಿಜ, ಕಾರ್ಡಿನ ಪ್ರಕಾರ ಅವರು ಇನ್ನೂ ಒಂಬತ್ತು ವರ್ಷ ಸಮರ್ಥ ಚಾಲಕರು. ನಾನು ಒಪ್ಪಲಿಲ್ಲ. ಕಾರನ್ನು ಲಾರಿಯಲ್ಲಿ ತರಿಸಿದೆ.

ಕಾರುಗಳನ್ನು ಸಾಗಿಸುವ ಆ ಉದ್ದನೆಯ ಲಾರಿ ಮೇ ತಿಂಗಳಲ್ಲಿ, ಹೇಳಿದ ದಿನಕ್ಕಿಂತ ಒಂಬತ್ತು ದಿನ ತಡವಾಗಿ, ಮಾದನಾಯಕನಹಳ್ಳಿಯ ಗೋದಾಮಿಗೆ ಬಂತು. ಗೋದಾಮಿನ ಗುಮಾಸ್ತ ಫೋನಿನಲ್ಲಿ, "ಮನೆ ತನಕ ಬರಲ್ಲ ಮೇಡಂ, ದೊಡ್ ಗಾಡಿ ಒಳಗ್ ಬಿಡಲ್ಲ. ಡಿಎಲ್ ತಂದು ತಗೊಂಡ್ ಹೋಗಿ" ಎಂದ.

"ನನ್ನದು ಎಲ್‌ಎಲ್‌ಆರ್."

"ಸಾರ್ ಇಲ್ವಾ?"

"ಇದ್ದಾರೆ" ಎಂದು ಹೇಳಿ ಫೋನ್ ಇಟ್ಟು, ಆಟೊ ಹತ್ತಿ ಒಬ್ಬಳೇ ಹೋದೆ.

ಗೋದಾಮಿನಲ್ಲಿ ಸರಕು ಇಳಿಸುವ ಅಮರಪ್ಪ ನನ್ನನ್ನು ಮೊದಲು ಗಮನಿಸಿದ್ದು. ಕೊಪ್ಪಳದ ಕಡೆಯವನು, ಅಲ್ಲೇ ಹಿಂದುಗಡೆ ಬಾಡಿಗೆ ಕೋಣೆಯಲ್ಲಿರುತ್ತಾನೆ. ನಾನು ಕಾರಿನ ಸುತ್ತ ಎರಡು ಸುತ್ತು ಬಂದು ನಿಂತಿದ್ದನ್ನು ನೋಡಿ, "ಅಕ್ಕಾರ, ನನ್ನ ಹಂತ್ಯಾಕ ಲೈಸೆನ್ಸ್ ಐತ್ರಿ. ನೀವ ನಡಸ್ರಿ, ನಾ ಬಾಜೂ ಕುಂದರ್ತೀನಿ. ನಿಮ್ಮ ಕಾರಿನ್ಯಾಗ ನೀವ ಹೋಗ್ರಿ" ಎಂದ. ತುಮಕೂರು ರಸ್ತೆಯಲ್ಲಿ, ಲಾರಿಗಳ ನಡುವೆ, ನನ್ನ ಮೊದಲ ಹನ್ನೆರಡು ಕಿಲೋಮೀಟರ್ ಹಾಗೆ ಕಳೆಯಿತು. ನೆಲಗಡಲೆ ತಿನ್ನುತ್ತ ಕೂತಿದ್ದ ಅವನು ಒಂದೇ ಒಂದು ಸಲ ಬಾಯಿ ಬಿಟ್ಟ: "ಅಕ್ಕಾರ, ಆ ಬ್ರೇಕಿನ ಮ್ಯಾಲಿನ ಪ್ರೀತಿ ಸ್ವಲ್ಪ ಕಡಿಮಿ ಮಾಡ್ರಿ." ಗೇಟಿನೊಳಗೆ ಕಾರು ನಾನೇ ತಂದು ನಿಲ್ಲಿಸಿದೆ. ಜಯಸಿಂಹ ವರಾಂಡದ ಕುರ್ಚಿಯಲ್ಲಿದ್ದರು. ಎಡಗೈ ಎತ್ತಿ, ಇನ್ನೂ ಸ್ವಲ್ಪ ಮುಂದೆ, ಇನ್ನೂ ಸ್ವಲ್ಪ, ಸಾಕು ಎಂದು ಸನ್ನೆ ಮಾಡಿದರು.

ಆ ಎಡಗೈಯ ವಿಷಯವನ್ನೇ ನಿಮಗೆ ಹೇಳಬೇಕಿದೆ. ಏಪ್ರಿಲಿನಿಂದ ಫಿಸಿಯೋಥೆರಪಿಗೆ ಮನೆಗೆ ಬರುತ್ತಿದ್ದ ಮರಿಯಮ್ಮ ಒಂದು ದಿನ ಅವರ ಕೈಗೆ ಪೆನ್ನು ಕೊಟ್ಟು, "ಅ ಆ ಇ ಈ ಎಲ್ಲಾ ಬೇಡ ಸಾರ್, ನಿಮ್ಮ ಸೈನ್ ಮಾಡಿ. ಅದನ್ನ ಯಾರೂ ಮರೆಯಲ್ಲ" ಎಂದಿದ್ದರು. ಅಂದಿನಿಂದ ಪ್ರತಿ ಬೆಳಿಗ್ಗೆ ಕಾಫಿಯಾದ ಮೇಲೆ ಒಂದು ಪುಟ. ಮೊದಮೊದಲು ಇರುವೆ ಶಾಯಿಯಲ್ಲಿ ಬಿದ್ದು ನಡೆದ ಹಾಗಿತ್ತು. ಮೇ ಕೊನೆಯ ಹೊತ್ತಿಗೆ ಹೆಸರು ಓದಲು ಬರುವಂತಾಯಿತು, ಕೆಳಗೆ ಎಳೆಯುತ್ತಿದ್ದ ಗೆರೆಯೂ ವಾಪಸು ಬಂತು. ನಿಮ್ಮ ಕಚೇರಿಯ ಅರ್ಜಿ ತಂದು ಮುಂದಿಟ್ಟು, "ಕಾರಿಗೆ ಕರ್ನಾಟಕದ ನಂಬರ್ ಆಗಬೇಕು, ಇಲ್ಲಿ ನಿಮ್ಮ ಸಹಿ" ಎಂದಾಗ ಅವರು ಕನ್ನಡಕ ಕೇಳಿ ಹಾಕಿಕೊಂಡರು. ನೋಟ್‌ಬುಕ್ಕಿನಲ್ಲಿ ಮೂರು ಸಲ ಬರೆದು ನೋಡಿದರು. ಆಮೇಲೆ ನಿಮ್ಮ ಆ ಇಕ್ಕಟ್ಟಾದ ಚೌಕದೊಳಗೆ, ಗೆರೆ ದಾಟದಂತೆ, ಸಹಿ ಮಾಡಿದರು. ಮುಗಿಸಿ ನನ್ನತ್ತ ನೋಡಿ, "ಪಾಸ್" ಎಂದರು. ಡ್ರಾಯಿಂಗ್ ಒಪ್ಪಿದಾಗ ಕಾರ್ಖಾನೆಯಲ್ಲಿ ಹೇಳುತ್ತಿದ್ದ ಮಾತು ಅದು.

ತಪಾಸಣೆಗೆ ಕಾರನ್ನು ನಿಮ್ಮಲ್ಲಿಗೆ ತರಬೇಕಾಗಿತ್ತು. ಮಾಲೀಕರೂ ಇರಲಿ ಎಂದು ಅವರನ್ನೂ ಹೊರಡಿಸಿದೆ. ಅಮರಪ್ಪ ಅಂದು ರಜೆ ಹಾಕಿ ಬಂದಿದ್ದ. "ಸಾಹೇಬ್ರು ಮುಂದ ಕುಂದರ್ಲಿ ಅಕ್ಕಾರ, ಅದು ಅವರ ಜಾಗಾ. ನಾ ಹಿಂದ ಕೂಡ್ತೀನಿ" ಎಂದ. ನಾನು ಬೇಡವೆಂದೆ. ನಿಮ್ಮ ಕಚೇರಿಗೇ ಹೋಗುತ್ತ ನಿಮ್ಮ ನಿಯಮ ಮುರಿಯುವುದೇ? ಲೈಸೆನ್ಸ್ ಇದ್ದ, ಕೈಕಾಲು ಆಡುವ ಅಮರಪ್ಪ ಮುಂದೆ ಕೂತ. ನನಗೆ ಓಡಿಸಲು ಕಲಿಸಿದವರು ಹಿಂದೆ ಕೂತರು.

ನಿಮ್ಮ ಇನ್‌ಸ್ಪೆಕ್ಟರು ಕಾರಿಗಾಗಿ ಕೆಳಗಿಳಿದು ಬಂದರು. ಅದನ್ನು ಮರೆಯಲಾರೆ. ಬಾನೆಟ್ ಎತ್ತಿಸಿ, ಬಗ್ಗಿ, ಅಲ್ಲಿ ಕೊರೆದಿದ್ದ ಚಾಸಿ ನಂಬರನ್ನು ಬಟ್ಟೆಯಿಂದ ಒರೆಸಿ, ಪೆನ್ಸಿಲ್ ಉಜ್ಜಿ, ಮೇಲೆ ಟೇಪು ಅಂಟಿಸಿ ಕಿತ್ತು ಅದರ ಅಚ್ಚು ತೆಗೆದರು. ಒಂದು ಅಂಕಿ ಸರಿಯಾಗಿ ಮೂಡಿರಲಿಲ್ಲ. "ಇರಿ, ಇನ್ನೊಂದ್ಸಲ ನೋಡೋಣ" ಎಂದು ಮತ್ತೆ ಉಜ್ಜಿದರು. ಮೂರನೆಯ ಸಲ ಸರಿಬಂತು. ಅಷ್ಟು ತಾಳ್ಮೆ. ಹಿಂದಿನ ಸೀಟಿನಲ್ಲಿದ್ದ ಮಾಲೀಕರನ್ನು ಅವರು ನೋಡಲಿಲ್ಲ. ಅದು ಅವರ ಕೆಲಸವೂ ಆಗಿರಲಿಲ್ಲವೇನೋ.

ಮೇಲೆ ಕೌಂಟರಿನಲ್ಲಿ ನಡೆದದ್ದು ಹೀಗೆ.

"ಸೈನ್ ಟ್ಯಾಲಿ ಆಗ್ತಿಲ್ಲ ಮೇಡಂ."

"ಅವರಿಗೆ ಬಲಗೈ ಬರಲ್ಲ. ಎಡಗೈಲಿ ಮಾಡಿದಾರೆ. ಡಾಕ್ಟರ್ ಪತ್ರ ಇದೆ ನೋಡಿ."

"ಯಾವ್ ಕೈಯೋ ನಮಗ್ ಬೇಡ. ಹಳೇದರ ತರ ಇರ್ಬೇಕು ಅಷ್ಟೇ."

"ಕೆಳಗೆ ಕಾರಲ್ಲೇ ಇದ್ದಾರೆ. ನಿಮ್ಮ ಮುಂದೇನೇ ಸಹಿ ಮಾಡ್ತಾರೆ. ಎರಡು ನಿಮಿಷ ಬನ್ನಿ."

"ಎಲ್ರಿಗೂ ಕೆಳಗಿಳಿದು ಹೋಗ್ತಾ ಇದ್ರೆ ಇಲ್ಲಿ ಕೂರೋರ್ ಯಾರು ಮೇಡಂ? ಹೆಬ್ಬೆಟ್ಟು ಹಾಕ್ಸಿ, ಗೆಜೆಟೆಡ್ ಆಫೀಸರ್ ಹತ್ರ ಅಟೆಸ್ಟ್ ಮಾಡಿಸ್ಕೊಂಡ್ ಬನ್ನಿ. ಸಿಂಪಲ್."

ಆತ ಒರಟನಲ್ಲ. ನನಗಿಂತ ದಣಿದಿದ್ದ, ಹಿಂದೆ ಉದ್ದದ ಸಾಲಿತ್ತು. ಸಹಿಯ ಪಕ್ಕ ಕೆಂಪು ಶಾಯಿಯಲ್ಲಿ 'ತಾಳೆಯಾಗುವುದಿಲ್ಲ' ಎಂದು ಬರೆದು, ಹೊಸ ಅರ್ಜಿ ಕೈಗಿಟ್ಟು, ಹಳೆಯದನ್ನು ಕಡತಕ್ಕೆ ಸೇರಿಸಿದ. ಹೊರಗೆ ಮರದ ಕೆಳಗೆ ಅರ್ಜಿ ತುಂಬಿಕೊಡುವ ಸೊಣ್ಣಪ್ಪ ಎಂಬಾತ ಎಲ್ಲ ಕೇಳಿಸಿಕೊಂಡು, "ಅಯ್ಯೋ, ಅಷ್ಟಕ್ಕೆ ಯಾಕೆ ಓಡಾಡ್ತೀರ? ನೀವೇ ಹಾಕ್ಬಿಡಿ. ಯಜಮಾನ್ರ ಸೈನು ಮನೆಯವ್ರಿಗೆ ಬರ್ದೇ ಇರುತ್ತಾ?" ಎಂದ. ನಾನು ಸಿಡುಕಿ ಹೊರಟುಬಂದೆ. ಮಕ್ಕಳಿಗೆ ನಕಲು ಮಾಡಬೇಡಿ ಎಂದು ಇಪ್ಪತ್ತು ವರ್ಷ ಹೇಳಿದವಳು ನಾನು.

ಈಗ ಯೋಚಿಸುತ್ತೇನೆ. ಸೊಣ್ಣಪ್ಪನ ಮಾತು ಕೇಳಿ ನಾನು ಸುಳ್ಳು ಸಹಿ ಹಾಕಿದ್ದರೆ ನಿಮ್ಮ ಕಚೇರಿ ಅದನ್ನು ಮೆಚ್ಚಿ ಸ್ವೀಕರಿಸುತ್ತಿತ್ತಲ್ಲವೇ? ನಿಜವಾದ ಕೈಯ ಸೊಟ್ಟ ಸಹಿ ಬೇಡ, ಬೇರೆ ಕೈಯ ನೇರ ಸಹಿ ಸಾಕು ಎನ್ನುವ ಜಾಗದಲ್ಲಿ ಪ್ರಾಮಾಣಿಕಳಾಗಿ ಉಳಿದು ನಾನು ಗಳಿಸಿದ್ದೇನು? ಸುಳ್ಳಿನಿಂದ ಕಡತ ಮುಗಿಯುತ್ತಿತ್ತು, ಅವರ ಬೆಳಗಿನ ಒಂದು ಪುಟವೂ ಉಳಿಯುತ್ತಿತ್ತು.

ಏಕೆಂದರೆ ಮರುದಿನ ನಾನು ಶಾಲೆಯ ಕಚೇರಿಯಿಂದ ಇಂಕ್ ಪ್ಯಾಡ್ ತಂದೆ. ಎಲ್‌ಎಲ್‌ಆರ್ ಜುಲೈಗೆ ಮುಗಿಯುತ್ತಿತ್ತು, ಹೊರರಾಜ್ಯದ ಗಾಡಿಗಳನ್ನು ರಸ್ತೆಯಲ್ಲಿ ಹಿಡಿಯುತ್ತಿದ್ದರು, ನನಗೆ ಆತುರ. "ಸಹಿ ಬೇಡವಂತೆ, ಹೆಬ್ಬೆಟ್ಟೇ ಸಾಕಂತೆ" ಎಂದೆ, ಏನೋ ಅನುಕೂಲವಾದಂತೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು. ನಾನು ಆ ಕೈ ಹಿಡಿದು, ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ, ಅರ್ಜಿಯ ಮೇಲೆ ಒತ್ತಿದೆ. ಒತ್ತಿದವಳು ನಾನು, ನಿಮ್ಮ ಗುಮಾಸ್ತನಲ್ಲ. ಉಗುರಿನ ಸಂದಿಯ ನೇರಳೆ ಬಣ್ಣ ನಾಲ್ಕು ದಿನ ಹೋಗಲಿಲ್ಲ. ಅವರು ಅದನ್ನೇ ನೋಡುತ್ತಿದ್ದರು. ಐದನೆಯ ಬೆಳಿಗ್ಗೆ ನೋಟ್‌ಬುಕ್ ಮುಂದಿಟ್ಟರೆ ಮೊಣಕೈಯಿಂದ ಪಕ್ಕಕ್ಕೆ ಸರಿಸಿದರು. ಅಂದಿನಿಂದ ಇಂದಿನವರೆಗೆ ಅವರು ಪೆನ್ನು ಮುಟ್ಟಿಲ್ಲ. ಮರಿಯಮ್ಮ ಎಷ್ಟೋ ಪ್ರಯತ್ನಿಸಿದರು. "ಕೈಯಲ್ಲಿ ಶಕ್ತಿ ಇದೆ ಅಕ್ಕ, ಮನಸ್ಸಿಲ್ಲ" ಎನ್ನುತ್ತಾರೆ.

ನಿಮ್ಮ ಇಲಾಖೆಯ ಮಟ್ಟಿಗೆ ಎಲ್ಲವೂ ಸುಖಾಂತ್ಯ. ಕಾರಿಗೆ ಹೊಸ ನಂಬರ್ ಬಂತು. ಜುಲೈಯಲ್ಲಿ ನನ್ನ ಪರೀಕ್ಷೆಯೂ ಆಯಿತು, ಲೈಸೆನ್ಸ್ ಬಂತು. ಈಗ ಭಾನುವಾರಗಳಲ್ಲಿ ಅವರು ಮುಂದಿನ ಸೀಟಿನಲ್ಲಿ ಕೂರುತ್ತಾರೆ, ಯಾವ ನಿಯಮವೂ ತಡೆಯುವುದಿಲ್ಲ. ನಾನು ಗೇರು ತಪ್ಪಾಗಿ ಹಾಕಿದರೂ ಅವರು ಏನೂ ಹೇಳುವುದಿಲ್ಲ, ಕೈ ಎತ್ತುವುದೂ ಇಲ್ಲ.

ಇನ್ನು ನನ್ನ ಬೇಡಿಕೆ. ಯಾರ ಮೇಲೂ ಕ್ರಮ ಬೇಡ, ಕ್ಷಮೆಯೂ ಬೇಡ. ಮಾಲೀಕರು ಮೆಟ್ಟಿಲು ಹತ್ತಲಾರದವರಾದರೆ ನಿಮ್ಮಲ್ಲೊಬ್ಬರು ಕೆಳಗಿಳಿಯಬೇಕೆಂದು ಒಂದು ಸಾಲಿನ ಆದೇಶ ಬರೆಯಿರಿ. ಚಾಸಿ ನಂಬರಿಗೆ ಸಿಗುವ ಮೂರು ಅವಕಾಶ ಮನುಷ್ಯನ ಸಹಿಗೂ ಸಿಗಲಿ. ಎರಡನೆಯದು ನನ್ನ ಸ್ವಂತದ್ದು. ಕಡತದಲ್ಲಿರುವ ಆ ಮೊದಲ ಅರ್ಜಿಯನ್ನು ನನಗೆ ಕೊಡಿ. ಕೇಳಿದರೆ, ತಿರಸ್ಕೃತ ಅರ್ಜಿಗಳನ್ನು ಕೆಲವು ವರ್ಷ ಇಟ್ಟು ಆಮೇಲೆ ನಾಶಪಡಿಸುತ್ತೇವೆ ಎಂದರು. ನಿಮಗೆ ಹೇಗೂ ಬೇಡವಾದದ್ದು. ಕೆಂಪು ಶಾಯಿಯನ್ನು ಅಳಿಸಬೇಕಿಲ್ಲ. ಆ ಹಾಳೆಯನ್ನು ಅವರ ಮುಂದಿಟ್ಟು, ಇದು ನಿಮ್ಮದೇ ಸಹಿ, ತಪ್ಪು ಹೇಳಿದವರು ನಾವು ಎಂದು ನಾನು ಹೇಳಬೇಕಾಗಿದೆ. ಹೇಳಬೇಕಾದ ದಿನ ಹೇಳಲಿಲ್ಲ.

ಬರುವ ಸೋಮವಾರ ಹನ್ನೊಂದು ಗಂಟೆಗೆ ಬರುತ್ತೇನೆ. ಈ ಸಲ ಮೇಲೆ ಬರುವುದಿಲ್ಲ. ಅವರನ್ನು ಕೆಳಗೆ ಬಿಟ್ಟು ಮೂವತ್ತೆಂಟು ಮೆಟ್ಟಿಲು ಹತ್ತಿದ್ದು ಒಂದು ಸಲ ಸಾಕು. ಕಾರು ಸೊಣ್ಣಪ್ಪ ಕೂರುವ ಮರದ ಕೆಳಗಿರುತ್ತದೆ. ಹಾಳೆ ತರುವವರು ಎಡಗಡೆಯ ಬಾಗಿಲಿಗೆ ಬಂದು, ಅದನ್ನು ಅವರ ಕೈಗೇ ಕೊಡಬೇಕು.

ಇಂತಿ,
ನಿಮ್ಮ ಪರೀಕ್ಷೆಯಲ್ಲಿ ಪಾಸಾದರೂ ಪಾಸಾಗದೆ ಉಳಿದ
ವಾಸಂತಿ ಜಯಸಿಂಹ
ಪೀಣ್ಯ, ಆಗಸ್ಟ್ ೨೦೧೩