ಹೆಣ್ಣು ನೋಡುವ ದಿನ ಆಡಿದ ಮಾತು

ಕೊಟ್ಟೂರು
೮ ಜುಲೈ ೨೦೨೫

ನನ್ನ ಪ್ರೀತಿಯ ಶಿವಗಂಗಾ,

ನಾವೆಲ್ಲ ಸೌಖ್ಯ. ನಿನ್ನ ಕ್ಷೇಮ ಕೇಳಲು ಮಾತ್ರ ನನಗೆ ಮುಖವಿಲ್ಲ. ಹದಿನೈದು ದಿನದಿಂದ ಬರೆದು ಬರೆದು ಹರಿದಿದ್ದೇನೆ, ತಡವಾಯಿತೆಂದು ಬೈಯಬೇಡ. ಫೋನ್ ಮಾಡಿದರೆ ನಿಮ್ಮತ್ತೆ ಸ್ಪೀಕರ್ ಹಾಕಿಸುತ್ತಾರೆ. ಅದಕ್ಕೇ ನಿಮ್ಮೂರು ಮಾಗಳಕ್ಕೆ ಹೊರಟಿದ್ದ ಪಾಲಣ್ಣ ಮಾವನ ಕೈಲಿ ಇದನ್ನು ಕಳಿಸಿದ್ದೇನೆ. ಒಬ್ಬಳೇ ಇದ್ದಾಗ ಓದು.

ನಿನ್ನೆ ನಿಮ್ಮತ್ತೆ ಸುಂಕಮ್ಮನವರೇ ಫೋನ್ ಮಾಡಿದ್ದರು. "ಟೀಚರಮ್ಮಾರ, ನಿಮ್ಮ ತಂಗಿ ಮುಂಜಾನಿ ಬಚ್ಚಲಕ್ಕ ಹೋದ್ರ ಬಿಸಲೇರಿದ ಮ್ಯಾಲ ಹೊರಗ ಬರ್ತಾಳ. ಕೈ ತೊಳದಾ ತೊಳೀತಾಳ. ರೊಟ್ಟಿ ಬಡಿಯಾಕ ಕುಂದ್ರಿಸಿದ್ರ ಹಿಟ್ಟಿಗೆ ರಕ್ತ ಹತ್ತೇತಿ. ಯಾರು ತಿನ್ಬೇಕ್ರಿ ಅದನ್ನ?"

ಡಾಕ್ಟರಿಗೆ ತೋರಿಸೋಣ ಎಂದೆ. "ಹುಚ್ಚರ ಡಾಕ್ಟ್ರ ಹತ್ರ ಹೋದಾಕಿ ಮತ್ತ ನಮ್ಮ ಹೊಸ್ತಿಲ ತುಳಿಯಂಗಿಲ್ಲ" ಎಂದು ಫೋನ್ ಇಟ್ಟುಬಿಟ್ಟರು.

ಅವರನ್ನು ಏನಂತ ಬೈಯಲಿ? ಹೆಣ್ಣು ನೋಡಲು ಬಂದಾಗ ಜಂಬ ಕೊಚ್ಚಿದವಳು ನಾನೇ: "ನಮ್ಮ ಹುಡುಗಿಗೆ ಒಂಚೂರು ಓಸಿಡಿ ನೋಡ್ರಿ, ಮನಿ ಕನ್ನಡಿ ಇದ್ದಂಗ ಇಡ್ತಾಳ." "ಇಂಥಾಕಿನಾ ಬೇಕಾಗಿತ್ತು ನಮಗ" ಎಂದು ಅವರು ನನ್ನ ಬಾಯಿಗೆ ಸಕ್ಕರೆ ಹಾಕಿದ್ದರು. ನಮ್ಮ ಸ್ಟಾಫ್ ರೂಮಿನಲ್ಲಿ ಡಸ್ಟರ್ ನೆಟ್ಟಗಿಟ್ಟವರಿಗೂ ಓಸಿಡಿ ಅನ್ನುತ್ತಿದ್ದೆವು. ನಿನಗೆ ಇಷ್ಟು ಕಷ್ಟವಿದೆಯೆಂದು ನನಗೆ ಹೇಗೆ ಗೊತ್ತಾಗಬೇಕು, ಹೇಳು.

ಹೋದ ತಿಂಗಳು ಶಾಲೆಗೆ ಒಬ್ಬರು ಡಾಕ್ಟರಮ್ಮ ಬಂದಿದ್ದರು. "ಸ್ವಚ್ಛ ಇರೋದು ಇಷ್ಟ ಅಂದ್ರ ಅದು ರೋಗ ಅಲ್ರಿ. ಸಾಕು ಅಂತ ಗೊತ್ತಿದ್ರೂ ನಿಲ್ಲಿಸಾಕ ಆಗಲ್ಲ, ತೊಳೀದಿದ್ರ ಏನೋ ಕೇಡು ಆಗತೈತಿ ಅಂತ ಜೀವ ಒದ್ದಾಡತೈತಿ, ಅದು ಓಸಿಡಿ" ಎಂದರು. ಅವತ್ತು ರಾತ್ರಿಯೇ ನಿನಗೆ ಮೊದಲ ಕಾಗದ ಬರೆದು ಹರಿದೆ.

ಭಾನುವಾರ ಬರುತ್ತೇನೆ. ಸೋಮವಾರಕ್ಕೆ ಬಳ್ಳಾರಿಯಲ್ಲಿ ಆ ಡಾಕ್ಟರಮ್ಮನ ಹತ್ತಿರ ಹೆಸರು ಬರೆಸಿದ್ದೇನೆ. ಇದಕ್ಕೆ ಔಷಧವಿದೆಯಂತೆ, ಕೂರಿಸಿಕೊಂಡು ಮಾತಾಡಿಸುತ್ತಾರಂತೆ. ನಿಮ್ಮತ್ತೆ ಬೇಡವೆಂದರೂ ಕರೆದುಕೊಂಡು ಹೋಗುತ್ತೇನೆ. ಅವರು ಒಳಗೆ ಬಿಡದಿದ್ದರೆ ನಮ್ಮ ಮನೆಯಲ್ಲಿರು. ಎರಡು ಸೀರೆ ಚೀಲಕ್ಕೆ ಹಾಕಿಟ್ಟುಕೋ.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ, ನನ್ನ ಕೂಸೇ.

ನಿನ್ನ ಅಕ್ಕ,
ಶೈಲಾ

ತಾ.ಕ.: ಹೇಗೆ ಗೊತ್ತಾಗಬೇಕು ಎಂದು ಮೇಲೆ ಬರೆದದ್ದು ಸುಳ್ಳು. ಅವರು ನೋಡಲು ಬರುವ ಹಿಂದಿನ ದಿನ ನೀನು ಎರಡೂ ಅಂಗೈ ಚಾಚಿ, "ಅಕ್ಕಾ, ನಿಲ್ಲಿಸಾಕ ಆಗವಲ್ದು" ಎಂದಿದ್ದೆ. ನಾನು ಗೋರಂಟಿ ಅರೆದು ತಂದೆ. ಅದು ಶಾಸ್ತ್ರಕ್ಕಲ್ಲ, ತೊಳೆದು ತೊಳೆದು ಬಿಟ್ಟ ಬಿರುಕು ಅವರಿಗೆ ಕಾಣಬಾರದೆಂದು. "ಉರಿ ಆಗತೈತಿ" ಎಂದು ನೀನು ಅಳತೊಡಗಿದೆ. "ಸುಮ್ಕಿರು, ಬಣ್ಣ ಚಲೋ ಹತ್ತತೈತಿ" ಎಂದು ಕೈ ಬಿಗಿಯಾಗಿ ಹಿಡಿದು ಹಚ್ಚಿದೆ.