ಬಸ್ ನಿಲ್ದಾಣದಲ್ಲಿ ನಗುತ್ತಿರುವವಳಿಗೆ ಕೆಲಸವಿಲ್ಲ

ಪ್ರಾಂತೀಯ ಉದ್ಯೋಗ ಕಚೇರಿಯ ನಿರ್ದೇಶಕರಿಗೆ,

ಮಾನ್ಯರೇ,

ತಮ್ಮ ಕಚೇರಿಯ ಕೌಂಟರಿನ ಹಿಂದಿನ ಗೋಡೆಯಲ್ಲಿ, ಆಸ್ಪತ್ರೆಯೆದುರಿನ ಬಸ್ ನಿಲ್ದಾಣದಲ್ಲಿ, ಕೊಜಾನಿ ಪಟ್ಟಣಕ್ಕೆ ಹೋಗುವ ಬಸ್ಸುಗಳ ಹಿಂಬದಿಯಲ್ಲಿ ಬಿಳಿ ಹೆಲ್ಮೆಟ್ ಹಾಕಿಕೊಂಡು ಹುಡುಗಿಯೊಬ್ಬಳು ನಗುತ್ತಿದ್ದಾಳೆ. ಅವಳ ಗಲ್ಲದ ಕೆಳಗೆ ‘ನನಗೆ ಕೆಲಸ ಸಿಕ್ಕಿತು, ಮುಂದಿನ ಸರದಿ ನಿಮ್ಮದು’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ. ಆ ಹುಡುಗಿ ನಾನು. ನನಗೆ ಕೆಲಸ ಸಿಕ್ಕಿಲ್ಲ. ಮೂರು ವರ್ಷದಿಂದ ಸಿಕ್ಕಿಲ್ಲ, ಮತ್ತು ಸಿಗದಿರಲು ಆ ಚಿತ್ರವೂ ಒಂದು ಕಾರಣ. ತಮಗೆ ನೇರವಾಗಿ ಕೊಟ್ಟ ಆರು ಅರ್ಜಿಗಳಿಗೆ ಉತ್ತರ ಬರಲಿಲ್ಲವಾದ್ದರಿಂದ ಏಳನೆಯದನ್ನು ಊರೆಲ್ಲ ಓದುವ ಪತ್ರಿಕೆಗೆ ಕೊಟ್ಟಿದ್ದೇನೆ. ತಾವೂ ಬೆಳಗಿನ ಕಾಫಿಯ ಜೊತೆ ಇದನ್ನೇ ಓದುತ್ತೀರೆಂದು ಕೇಳಿದ್ದೇನೆ.

ವಿಷಯ ಇಷ್ಟೇ. ಮಾರ್ಚ್ ಒಂಬತ್ತಕ್ಕೆ ನನಗೆ ಮೂವತ್ತು ತುಂಬುತ್ತದೆ. ಇಂದಿಗೆ ಹತ್ತೊಂಬತ್ತು ದಿನ ಉಳಿದಿದೆ. ಮುಚ್ಚಿದ ಗಣಿಯ ಹೊಂಡಗಳಿಗೆ ಮಣ್ಣು ತುಂಬಿ, ಗಿಡ ನೆಟ್ಟು, ನೀರೆತ್ತುವ ಪಂಪುಗಳನ್ನು ಕೂರಿಸುವ ಹೊಸ ಯೋಜನೆಯೊಂದು ಬಂದಿದೆ. ನಲವತ್ತು ಜನಕ್ಕೆ ಎರಡು ವರ್ಷದ ಕೆಲಸ. ತರಬೇತಿಯಲ್ಲ, ಕೆಲಸ. ಸಂಬಳ, ವಿಮೆ ಎರಡೂ ಇರುವಂಥದ್ದು. ಅರ್ಜಿ ಹಾಕುವವರು ಮೂವತ್ತರೊಳಗಿನವರಾಗಿರಬೇಕು ಮತ್ತು ತಮ್ಮ ಕಚೇರಿಯಲ್ಲಿ ನಿರುದ್ಯೋಗಿಯೆಂದು ನೋಂದಾಯಿಸಿರಬೇಕು. ನನಗಿನ್ನೂ ಮೂವತ್ತಾಗಿಲ್ಲ. ನಾನು ನಿರುದ್ಯೋಗಿಯೇ. ಆದರೆ ತಮ್ಮ ಕಂಪ್ಯೂಟರ್ ಅದನ್ನು ನಂಬುತ್ತಿಲ್ಲ.

ಅಪ್ಪ ಜಿಸಿಸ್ ಮೂವತ್ತೊಂದು ವರ್ಷ ಲಿಗ್ನೈಟ್ ಕಲ್ಲಿದ್ದಲಿನ ಗಣಿಯಲ್ಲಿ ಅಗೆಯುವ ಯಂತ್ರ ನಡೆಸಿದವರು. ಅವರ ಅಪ್ಪನೂ ಅದೇ ಗಣಿಯವರು. ಗಣಿ ಇದ್ದಲ್ಲಿ ಮೋಟಾರು ಕೆಡುತ್ತದೆ, ಮೋಟಾರು ಕೆಟ್ಟಲ್ಲಿ ಅನ್ನವಿದೆ ಎಂಬ ಲೆಕ್ಕದಲ್ಲಿ ನಾನು ವಿದ್ಯುತ್ ತಂತ್ರಜ್ಞಾನ ಓದಿದೆ. ಕೊನೆಯ ಪರೀಕ್ಷೆ ಬರೆದ ವರ್ಷವೇ ಗಣಿಗಳನ್ನೂ ವಿದ್ಯುತ್ ಸ್ಥಾವರಗಳನ್ನೂ ಮುಚ್ಚುವ ಘೋಷಣೆಯಾಯಿತು. ಅದಕ್ಕೆ ತಮ್ಮನ್ನು ದೂರುವುದಿಲ್ಲ. ಹೊಗೆ ನಿಲ್ಲಬೇಕಿತ್ತು, ನಿಂತಿದೆ. ಅಜ್ಜಿ ಈಗ ಬಟ್ಟೆಯನ್ನು ಹೊರಗೆ ಒಣಗಿಸುತ್ತಾಳೆ.

ನಮಗಾಗಿ ಯೂರೋಪಿಯನ್ ಒಕ್ಕೂಟದ ದುಡ್ಡಿನಲ್ಲಿ ‘ಮೊದಲ ಹೆಜ್ಜೆ’ ಎಂಬ ಯೋಜನೆ ಬಂತು. ನಾಲ್ಕು ತಿಂಗಳೊಳಗೆ ಪ್ರತಿಯೊಬ್ಬ ಯುವಕ ಯುವತಿಗೆ ಕೆಲಸ, ಓದು ಇಲ್ಲವೇ ತರಬೇತಿ ಎಂದು ಹೇಳಿದರು. ಬ್ರಸೆಲ್ಸಿನಲ್ಲಿ ಕುಳಿತು ಇದನ್ನು ಬರೆದವರ ಮನಸ್ಸು ಒಳ್ಳೆಯದೇ ಇದ್ದಿರಬೇಕು. ಆದರೆ ನಮ್ಮೂರಿಗೆ ಬರುವಷ್ಟರಲ್ಲಿ ಕೆಲಸವೂ ಓದೂ ದಾರಿಯಲ್ಲೇ ಇಳಿದುಹೋದವು, ತರಬೇತಿಯೊಂದೇ ಬಂದು ತಲುಪಿತು. ಸ್ವಪರಿಚಯ ಪತ್ರ ಬರೆಯುವುದು ಹೇಗೆಂದು ನನಗೆ ನಾಲ್ಕು ಸಲ ಕಲಿಸಿದಿರಿ. ಕಲಿಸಿದ ಮೇಷ್ಟ್ರು ಕೂಡ ಕೆಲಸ ಹುಡುಕುತ್ತಿದ್ದವರೇ. ವಿರಾಮದಲ್ಲಿ ನಮ್ಮನ್ನೇ ಕೇಳುತ್ತಿದ್ದರು, ಎಲ್ಲಾದರೂ ಖಾಲಿ ಇದೆಯಾ ಎಂದು. ನನ್ನ ಪರಿಚಯ ಪತ್ರ ಈಗ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ ಅದರಲ್ಲಿ ಬರೆಯಲು ಏನೂ ಇಲ್ಲದಿರುವುದು ಎದ್ದು ಕಾಣುತ್ತದೆ.

ಆಮೇಲೆ ಸೌರ ವಿದ್ಯುತ್ ಕಂಪನಿಯೊಂದರಲ್ಲಿ ಆರು ತಿಂಗಳ ತರಬೇತಿಗೆ ಕಳಿಸಿದಿರಿ. ಆರು ತಿಂಗಳಲ್ಲಿ ನಾನು ಫಲಕಗಳ ಹತ್ತಿರ ಹೋದದ್ದು ಎರಡೇ ಸಲ. ಉಳಿದ ದಿನ ಕಾಗದ ನಕಲು ತೆಗೆದೆ, ಕಾಫಿ ತಂದೆ, ಮ್ಯಾನೇಜರ ನಾಯಿಗೆ ಲಸಿಕೆ ಹಾಕಿಸಿಕೊಂಡು ಬಂದೆ. ಎರಡನೆಯ ಸಲ ಹೋದದ್ದು ತಾವು ಅಥೆನ್ಸಿನಿಂದ ಕರೆಸಿದ ಛಾಯಾಗ್ರಾಹಕನ ಜೊತೆ. ಮೇಲ್ವಿಚಾರಕನ ಹೆಲ್ಮೆಟ್ಟನ್ನು ನನ್ನ ತಲೆಗೆ ಹಾಕಿದರು. “ಸ್ವಲ್ಪ ನಗಿ, ಕೆಲಸ ಸಿಕ್ಕವರ ಥರ” ಎಂದ ಅವನು.

“ಇನ್ನೂ ಸಿಕ್ಕಿಲ್ವಲ್ಲ” ಎಂದೆ.

“ಸಿಕ್ಕಿದ್ರೆ ಹೆಂಗೆ ನಗ್ತೀರೋ ಹಂಗೆ ನಗಿ. ಫೈಲಿಗೆ ಅಷ್ಟೇ, ಯಾರೂ ನೋಡಲ್ಲ.”

ನಕ್ಕೆ. ಅಂದು ಬೆಳಗ್ಗೆ ತಾನೇ ಮ್ಯಾನೇಜರು ‘ನಿನ್ನನ್ನ ಇಟ್ಕೊಳ್ಳೋ ಯೋಚನೆ ಇದೆ’ ಎಂದಿದ್ದ. ಆ ನಗು ನಾಟಕದ್ದಲ್ಲ, ಅದೇ ನನಗೆ ಈಗ ನಾಚಿಕೆ ತರಿಸುವುದು. ಆರು ತಿಂಗಳು ಮುಗಿದ ಶುಕ್ರವಾರ ನನಗೆ ಧನ್ಯವಾದ ಹೇಳಿದರು. ಸೋಮವಾರ ನನ್ನ ಕುರ್ಚಿಯಲ್ಲಿ ತಾವು ಕಳಿಸಿದ ಇನ್ನೊಬ್ಬ ತರಬೇತಿಯವಳು ಕುಳಿತಿದ್ದಳು. ತಾವೇ ಭತ್ಯೆ ಕೊಟ್ಟು ಆರಾರು ತಿಂಗಳಿಗೆ ಒಬ್ಬರನ್ನು ಕಳಿಸುತ್ತಿರುವಾಗ, ಸಂಬಳ ಕೊಟ್ಟು ಯಾರನ್ನಾದರೂ ಇಟ್ಟುಕೊಳ್ಳಲು ಅವರಿಗೇನು ಹುಚ್ಚೇ?

ಮನೆಗೆ ಬಂದು ಕುಳಿತ ಒಂದು ತಿಂಗಳಿಗೆ ಚಿತ್ರ ಗೋಡೆ ಏರಿತು. ನನಗೆ ಅದರ ಸುದ್ದಿ ಮೊದಲು ತಂದವಳು ಅಜ್ಜಿ ಥೊಮಾಯಿ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾವು ಮೂವರೇ. ಎಂಬತ್ತು ದಾಟಿದ ಅಜ್ಜಿ ದಿನಾ ಬೆಳಗ್ಗೆ ಬ್ರೆಡ್ಡಿಗೆ ಹೋಗುವಾಗ ನಿಲ್ದಾಣದ ಪಕ್ಕದ ಕಂಬದಲ್ಲಿ ಅಂಟಿಸಿರುವ, ಸತ್ತವರ ಫೋಟೋ ಇರುವ ಪ್ರಕಟಣೆಗಳನ್ನು ಒಂದೊಂದಾಗಿ ಓದಿಯೇ ಮುಂದೆ ಹೋಗುವುದು. ಅಂದು ಬ್ರೆಡ್ಡು ಮರೆತು ಓಡಿ ಬಂದಳು.

“ನಮ್ಮನೆಯೋರ ಫೋಟೋ ಬೀದಿಗೆ ಬರೋದು ಸತ್ತಾಗ ಮಾತ್ರ ಕಣೇ. ಬದುಕಿದ್ದಾಗ್ಲೇ ಬಂದೋಳು ನೀನೊಬ್ಳೇ” ಎಂದು ನನ್ನ ಎರಡೂ ಕೆನ್ನೆ ಹಿಡಿದು ಮುತ್ತಿಟ್ಟಳು. “ಕೆಲ್ಸ ಸಿಕ್ಕಿದ್ದು ನಂಗ್ಯಾಕೆ ಹೇಳ್ಲಿಲ್ಲ? ದೃಷ್ಟಿ ಆಗುತ್ತೆ ಅಂತಲಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕಣ್ಣಿನಲ್ಲೇ ಬೇಡವೆಂದರು. ಅಷ್ಟು ಹೊತ್ತಿಗಾಗಲೇ ಕಾಫಿ ಅಂಗಡಿಯಲ್ಲಿ ಹಳೆಯ ಗಣಿಯವರೆಲ್ಲ ಅವರ ಬೆನ್ನು ತಟ್ಟಿದ್ದರು, ಅಪ್ಪ ಎಲ್ಲರಿಗೂ ಒಂದೊಂದು ಲೋಟ ದ್ರಾಕ್ಷಿಯ ಸಾರಾಯಿ ತ್ಸಿಪೂರೊ ಕುಡಿಸಿಯೂ ಆಗಿತ್ತು. ಅಡುಗೆಮನೆಯ ಬಾಗಿಲು ಮುಂದೆ ಮಾಡಿ ನನಗೆ ಹೇಳಿದರು, “ಇರ್ಲಿ ಬಿಡು ಮಗಳೇ. ಇವತ್ತಲ್ಲ ನಾಳೆ ಸಿಕ್ಕೇ ಸಿಗುತ್ತೆ. ಸಿಕ್ಕ ಮೇಲೆ ಅದು ಸುಳ್ಳಾಗಿರಲ್ಲ.” ಮಾನ್ಯರೇ, ಸುಳ್ಳು ಹೇಳಿದ್ದು ತಾವು, ಅದನ್ನು ನಿಜ ಮಾಡುವ ಹೊಣೆ ನನ್ನ ತಲೆಗೆ ಬಿತ್ತು.

ಅಂದಿನಿಂದ ನಾನು ಪ್ರತಿದಿನ ಬೆಳಗ್ಗೆ ಏಳಕ್ಕೆ ‘ಕೆಲಸಕ್ಕೆ’ ಹೊರಡುತ್ತೇನೆ. ಅಜ್ಜಿ ಐದೂವರೆಗೆ ಎದ್ದು ಚೀಸ್ ತುಂಬಿ ಸುರುಳಿ ಸುತ್ತಿದ ಪಿಟಾ ಬೇಯಿಸಿ, ಉಪ್ಪಿನಲ್ಲಿ ಹಾಕಿದ ಮೆಣಸಿನಕಾಯಿಯ ಜೊತೆ ಬುತ್ತಿ ಕಟ್ಟುತ್ತಾಳೆ. ಎಂಟರವರೆಗೆ ಬಸ್ ನಿಲ್ದಾಣದ ಒಳಗೆ ನಿಲ್ಲುತ್ತೇನೆ, ಆಮೇಲೆ ನಗರಸಭೆಯ ಗ್ರಂಥಾಲಯದಲ್ಲಿ ಕೋಣೆ ಬೆಚ್ಚಗಿಡುವ ಬಿಸಿನೀರ ಕೊಳವೆಯ ಪಕ್ಕ ಮೂರರವರೆಗೆ ಕೂರುತ್ತೇನೆ. ಬೇಸಿಗೆಯಲ್ಲಿ ಸಮುದ್ರ ತೀರದ ಹೋಟೆಲುಗಳಲ್ಲಿ ತಟ್ಟೆ ಎತ್ತಿದ್ದುಂಟು, ಆದರೆ ಯಾವ ಯಜಮಾನನೂ ನನ್ನ ಹೆಸರನ್ನು ಯಾವ ಕಾಗದದ ಮೇಲೂ ಬರೆಯಲಿಲ್ಲ. ಅಜ್ಜಿಗೆ ಅದನ್ನು ‘ಬೇರೆ ಊರಿನ ಶಾಖೆ’ ಎಂದು ಹೇಳಿದೆವು. ಮೂರು ಚಳಿಗಾಲ ಹೀಗೆ ಕಳೆದಿದ್ದೇನೆ. ಗ್ರಂಥಾಲಯದಲ್ಲಿ ನನ್ನಂಥವರು ಇನ್ನೂ ನಾಲ್ವರಿದ್ದಾರೆ. ನಾವು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಕೆಲಸ ಹುಡುಕಲಿಲ್ಲವೇ ಎಂದು ತಾವು ಕೇಳಬಹುದು. ಹುಡುಕಿದೆ. ಸೂಪರ್ ಮಾರ್ಕೆಟ್ಟಿನ ಮ್ಯಾನೇಜರು ನನ್ನನ್ನು ಕಂಡ ಕೂಡಲೇ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ.

“ನೀನು ಬಸ್ಸಿನ ಹುಡುಗಿ ಅಲ್ವಾ? ಅಷ್ಟು ಒಳ್ಳೆ ಕೆಲ್ಸ ಬಿಟ್ಟು ಕ್ಯಾಶಿಗೆ ಯಾಕಮ್ಮಾ ಬರ್ತೀಯಾ? ಅಲ್ಲೇನ್ ಮಾಡ್ಕೊಂಡೆ?”

“ಕೆಲ್ಸ ಇರ್ಲೇ ಇಲ್ಲ ಸಾರ್. ಅದು ಬರೀ ಫೋಟೋ.”

“ಅಷ್ಟು ದೊಡ್ಡ ಅಕ್ಷರದಲ್ಲಿ ಸರ್ಕಾರ ಸುಳ್ಳು ಬರೆಯುತ್ತಾ?” ಎಂದು ನಕ್ಕ. ಕೆಲಸ ಇನ್ನೊಬ್ಬಳಿಗೆ ಹೋಯಿತು. ಔಷಧಿ ಅಂಗಡಿಯಲ್ಲೂ ಇದೇ ಕಥೆ. ಕಳ್ಳತನ ಮಾಡಿಯೋ ಜಗಳವಾಡಿಯೋ ಹೊರಬಿದ್ದವಳೆಂದು ಊರು ನನ್ನನ್ನು ನೋಡುತ್ತದೆ, ಇಲ್ಲವೇ ಇದ್ದ ಅನ್ನವೂ ಸಾಲದೆ ಇನ್ನೊಬ್ಬರ ತಟ್ಟೆಗೆ ಕೈ ಹಾಕುವ ಆಸೆಬುರುಕಿ ಎಂದು.

ಈಗ ತಮ್ಮ ಕೌಂಟರಿನ ವಿಷಯಕ್ಕೆ ಬರುತ್ತೇನೆ. ಹೊಸ ಯೋಜನೆಯ ಸುದ್ದಿ ಕೇಳಿದ ಮರುದಿನವೇ ಬಂದು ನಿಂತೆ. ಅಲ್ಲಿರುವ ಹುಡುಗ, ನನಗಿಂತ ಚಿಕ್ಕವನು, ಪರದೆ ನೋಡಿ, “ಮೇಡಂ, ನಿಮ್ಮ ಫೈಲು ಮುಚ್ಚಿದೆ. ‘ಉದ್ಯೋಗ ಪಡೆದಿದ್ದಾರೆ’ ಅಂತಿದೆ” ಎಂದ.

“ಬೆಳಗ್ಗೆ ಹತ್ತೂವರೆಗೆ ನಿಮ್ಮೆದುರಿಗೆ ನಿಂತಿದೀನಿ. ಕೆಲ್ಸ ಇದ್ದಿದ್ರೆ ಇಲ್ಲಿರ್ತಿದ್ನಾ?”

“ಹಂಗಾದ್ರೆ ಕೆಲ್ಸ ಬಿಟ್ಟಿದ್ದಕ್ಕೆ ಕಂಪನಿಯಿಂದ ಪತ್ರ ತನ್ನಿ.”

ಕಂಪನಿಗೆ ಹೋದೆ. ಅಲ್ಲಿಯ ಹೆಂಗಸು ತುಂಬ ಮರ್ಯಾದೆಯಿಂದಲೇ ಹೇಳಿದಳು, “ನೀವು ನಮ್ಮಲ್ಲಿ ಕೆಲಸಕ್ಕೇ ಸೇರಿರ್ಲಿಲ್ಲ, ತರಬೇತಿಯಲ್ಲಿದ್ರಿ. ಸೇರದೇ ಇದ್ದೋರು ಬಿಟ್ರು ಅಂತ ಹೆಂಗ್ರೀ ಬರ್ಕೊಡೋದು?” ಕಂಪನಿಯ ಪ್ರಕಾರ ನಾನು ಎಂದೂ ಕೆಲಸದಲ್ಲಿರಲಿಲ್ಲ, ತಮ್ಮ ಪ್ರಕಾರ ಇಂದಿಗೂ ಕೆಲಸದಲ್ಲಿದ್ದೇನೆ. ಇಬ್ಬರ ಬಳಿಯೂ ಮೊಹರಿದೆ. ನನ್ನ ಬಳಿ ನಾನೊಬ್ಬಳೇ ಇದ್ದೇನೆ, ಅದು ಯಾವ ಕೌಂಟರಿನಲ್ಲೂ ಪುರಾವೆಯಾಗುವುದಿಲ್ಲ.

ಮತ್ತೆ ಬಂದೆ. ಹುಡುಗ ನನ್ನನ್ನು ನೋಡಿದ, ತಿರುಗಿ ಗೋಡೆ ನೋಡಿದ, ಮತ್ತೆ ನನ್ನನ್ನು ನೋಡಿದ.

“ಅದು ನೀವೇನಾ?”

“ಹೌದು.”

“ಚೆನ್ನಾಗಿ ಬಂದಿದೆ” ಎಂದ. ಆಮೇಲೆ ದನಿ ತಗ್ಗಿಸಿದ. “ತೆರೆಯೋದೇನು ಕಷ್ಟ ಅಲ್ಲ ಮೇಡಂ, ಎರಡು ಗುಂಡಿ ಒತ್ತಿದ್ರೆ ಆಯ್ತು. ಆದ್ರೆ ತೆರೆದ್ರೆ ವರದೀಲಿ ಒಂದು ಯಶಸ್ಸು ಕಮ್ಮಿ ಆಗುತ್ತೆ. ಅದಕ್ಕೆ ನಿರ್ದೇಶಕರ ಸಹಿ ಬೇಕು. ಕೇಳೋಕೆ ನಂಗೆ ಧೈರ್ಯ ಇಲ್ಲ. ನಂದೂ ಎಂಟು ತಿಂಗಳ ಗುತ್ತಿಗೆ, ಮೇ ತಿಂಗಳಿಗೆ ಮುಗಿಯುತ್ತೆ. ಆಮೇಲೆ ನಾನೂ ನಿಮ್ಮ ಕಡೆನೇ ನಿಲ್ಲೋನು.”

ಇದನ್ನು ಬರೆದದ್ದಕ್ಕೆ ಅವನ ಗುತ್ತಿಗೆಯನ್ನು ಮೇಗಿಂತ ಮೊದಲೇ ಮುಗಿಸಬೇಡಿ. ಕಳೆದ ಮೂರು ವರ್ಷದಲ್ಲಿ ತಮ್ಮ ಕಟ್ಟಡದಲ್ಲಿ ನನಗೆ ನಿಜ ಹೇಳಿದವನು ಅವನೊಬ್ಬನೇ.

ಯುವಜನರ ನಿರುದ್ಯೋಗ ನಮ್ಮ ಪ್ರಾಂತ್ಯದಲ್ಲಿ ಇಳಿದಿದೆಯೆಂದು ಹೊಸವರ್ಷದ ಭಾಷಣದಲ್ಲಿ ಹೇಳಿದಿರಿ. ಇಳಿದಿರುವುದು ನಿಜ. ನನ್ನ ತರಗತಿಯಲ್ಲಿ ಇಪ್ಪತ್ತೆರಡು ಜನರಿದ್ದೆವು. ಹನ್ನೆರಡು ಜನ ಜರ್ಮನಿ, ಹಾಲೆಂಡುಗಳಲ್ಲಿದ್ದಾರೆ. ಐವರಿಗೆ ಮೂವತ್ತು ತುಂಬಿತು. ಅವರು ಇಲ್ಲೇ ಇದ್ದಾರೆ, ಕೆಲಸವೂ ಇಲ್ಲ, ಆದರೆ ತಮ್ಮ ಪಟ್ಟಿಯ ಪ್ರಕಾರ ಯುವಜನರಲ್ಲ. ಹೀಗೆ ಕಾಯುತ್ತ ಕುಳಿತರೆ ಎಲ್ಲ ಯುವಕರಿಗೂ ಒಂದು ದಿನ ಮೂವತ್ತಾಗುತ್ತದೆ, ಸಮಸ್ಯೆ ತಾನಾಗಿಯೇ ಬಗೆಹರಿಯುತ್ತದೆ. ಇದಕ್ಕೆ ನಿರ್ದೇಶಕರು ಯಾಕೆ ಬೇಕು ಹೇಳಿ, ಒಂದು ಕ್ಯಾಲೆಂಡರ್ ಸಾಲದೇ?

ವ್ಯಂಗ್ಯ ಸಾಕು. ನನಗೆ ಭಯವಾಗಿದೆ. ಮಾರ್ಚ್ ಹತ್ತರ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದು ನನಗೆ ನಿಜವಾಗಿಯೂ ಗೊತ್ತಿಲ್ಲ.

ಕಳೆದ ವಾರ ಅಜ್ಜಿಯ ಬಳಿ ಕುಳಿತೆ. ಈ ಪತ್ರ ಅಚ್ಚಾಗುವ ಮೊದಲು ಅವಳಿಗೆ ನನ್ನ ಬಾಯಿಂದಲೇ ತಿಳಿಯಲಿ ಎಂದು. “ಅಜ್ಜಿ, ನಾನು ಕೆಲ್ಸಕ್ಕೆ ಹೋಗ್ತಿಲ್ಲ” ಎಂದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

“ಗೊತ್ತು.”

“ಯಾರು ಹೇಳಿದ್ರು?”

“ನಿನ್ ಡಬ್ಬಿ. ನಿಮ್ಮಜ್ಜಂಗೆ ನಲವತ್ತು ವರ್ಷ ಬುತ್ತಿ ಕಟ್ಟಿದೀನಿ. ಒಂದಿನ ಒಂದು ಚೂರು ವಾಪಸ್ ಬಂದಿಲ್ಲ. ದುಡಿದ್ ಬಂದೋರು ಬುತ್ತಿ ಉಳಿಸ್ತಾರಾ? ನಿಂದು ಮೊದಲ್ನೇ ವಾರದಿಂದ್ಲೂ ಅರ್ಧ ವಾಪಸ್.”

“ಮತ್ಯಾಕೆ ಮೂರು ವರ್ಷ ಕಟ್ಟಿದೆ?”

“ಬೆಳಗ್ಗೆ ಎದ್ದೇಳೋಕೆ ನಂಗೂ ಒಂದು ಕೆಲ್ಸ ಬೇಕಲ್ವೇನೇ” ಎಂದಳು. ನಾನು ಅವಳ ಹಿಟ್ಟಿನ ಕೈ ಹಿಡಿದುಕೊಂಡು ಅತ್ತೆ. ಅವಳು ಅಳಲಿಲ್ಲ, ಒಲೆ ಆರುತ್ತೆ ಬಿಡು ಎಂದಳು.

ಅಪ್ಪನಿಗೆ ಈ ಪತ್ರ ಪೂರ್ತಿ ಓದಿ ಹೇಳಿದೆ. ಕಾಫಿ ಅಂಗಡಿಯಲ್ಲಿ ಇದನ್ನು ಯಾರಾದರೂ ಗಟ್ಟಿಯಾಗಿ ಓದುತ್ತಾರೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಓದಿ ಮುಗಿದ ಮೇಲೆ, “ತ್ಸಿಪೂರೊ ಕುಡಿಸಿದ್ದನ್ನ ತೆಗೀಬೇಡ. ನಡೆದದ್ದು ನಡೆದ ಹಂಗೇ ಇರ್ಲಿ. ನಾನು ಅವತ್ತೂ ನನ್ನ ಕುರ್ಚೀಲೇ ಕೂತಿರ್ತೀನಿ” ಎಂದರು. ಮೂವತ್ತೊಂದು ವರ್ಷ ಗಣಿಯಲ್ಲಿ ತಲೆ ತಗ್ಗಿಸದ ಮನುಷ್ಯ, ಮಾನ್ಯರೇ.

ಆದ್ದರಿಂದ ನಾನು ಕೇಳುವುದು ತಮ್ಮ ಒಂದು ಸಹಿ. ಕೆಲಸ ಕೊಡಿ ಎಂದು ಕೇಳುತ್ತಿಲ್ಲ. ನಲವತ್ತು ಜನರಲ್ಲಿ ನಾನು ಬರುತ್ತೇನೋ ಇಲ್ಲವೋ, ಅದು ಆಮೇಲಿನ ಮಾತು. ನಾನು ನಿರುದ್ಯೋಗಿಯೆಂದು ಒಪ್ಪಿಕೊಳ್ಳಿ, ಅಷ್ಟು ಸಾಕು. ಮಾರ್ಚ್ ಒಂಬತ್ತರೊಳಗೆ ನನ್ನ ಫೈಲು ತೆರೆಯಬೇಕು, ಇಲ್ಲವೇ ತೆರೆಯುವುದಿಲ್ಲವೆಂದು ತಾವೇ ಹೊರಗೆ ಬಂದು ನನ್ನ ಮುಖ ನೋಡಿ ಹೇಳಬೇಕು.

ಇದು ಅಚ್ಚಾದ ದಿನದಿಂದ ನಾನು ಗ್ರಂಥಾಲಯಕ್ಕೆ ಹೋಗುವುದಿಲ್ಲ. ತಮ್ಮ ಬಾಗಿಲು ತೆರೆಯುವ ಮೊದಲೇ ಬಂದು, ಕೌಂಟರಿನೆದುರು ನನ್ನ ಚಿತ್ರ ಕಾಣುವ ಬೆಂಚಿನಲ್ಲಿ ಕೂರುತ್ತೇನೆ. ಗಲಾಟೆ ಮಾಡುವುದಿಲ್ಲ. ಬಂದವರು ಗೋಡೆಯ ಮೇಲಿನವಳನ್ನೂ ಬೆಂಚಿನ ಮೇಲಿನವಳನ್ನೂ ಹೋಲಿಸಿ ನೋಡಲಿ. ಬಾಗಿಲು ಮುಚ್ಚುವವರೆಗೆ ಕೂರುತ್ತೇನೆ, ಮರುದಿನ ಮತ್ತೆ ಬರುತ್ತೇನೆ. ಮೂರು ವರ್ಷದ ನಂತರ ನನಗೆ ದಿನಾ ಹೋಗಲು ಒಂದು ಜಾಗ, ಮುಗಿಸಲು ಒಂದು ಕೆಲಸ ಸಿಕ್ಕಿದೆ. ಅಜ್ಜಿಗೆ ಹೇಳಿದ್ದೇನೆ, ಇನ್ನು ಮೇಲೆ ಡಬ್ಬಿ ಖಾಲಿಯಾಗಿಯೇ ಮನೆಗೆ ಬರುತ್ತದೆ ಎಂದು.

ಇಂತಿ,
ತಮ್ಮ ವರದಿಯ ಒಂದು ಯಶಸ್ಸು,
ಇನ್ನು ಹತ್ತೊಂಬತ್ತು ದಿನದ ಮಟ್ಟಿಗೆ ಯುವತಿ,
ಎವಾಂಥಿಯಾ, ಗಣಿಯ ಜಿಸಿಸನ ಮಗಳು, ಥೊಮಾಯಿಯ ಮೊಮ್ಮಗಳು