ನಾಲ್ಕನೇ ಸಾಲಿನ ತಪ್ಪು

ಬುಧವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

‘ಕೇಳಿ ತಿಳಿದದ್ದು ಅರ್ಧ, ಕೆಟ್ಟು ತಿಳಿದದ್ದು ಪೂರ್ತಿ.’ ಎಂಎ ಓದುವಾಗ ನೀನು ಬರೆದ ಪದ್ಯದಲ್ಲಿ ಇಂಥದೊಂದು ಸಾಲಿತ್ತು. ‘ಪೂರ್ತಿ’ಯೋ ‘ಗಟ್ಟಿ’ಯೋ, ಸರಿಯಾಗಿ ನೆನಪಿಲ್ಲ. ಆಗ ಚಪ್ಪಾಳೆ ತಟ್ಟಿದ್ದೆ. ಕೆಡಿಸಿದವರು ಯಾರೆಂದು ಆ ಸಾಲು ಯಾಕೆ ಹೇಳುವುದಿಲ್ಲ ಎಂದು ಈಗ ಕೇಳಬೇಕೆನಿಸುತ್ತದೆ.

ನಿನ್ನ ಪತ್ರ ಓದಿದೆ. ನಾವೆಲ್ಲ ಎರಡು ವರ್ಷ ಕೂತು ಟೈಪ್ ಮಾಡಿದ ಹೆಂಗಸರ ಹಳೆಯ ಪತ್ರಗಳಲ್ಲಿ ಯಾವ ಮಾತು ಎಷ್ಟು ಸಲ ಬಂದಿದೆ ಎಂದು ಎಣಿಸುವ ಕೆಲಸವನ್ನು ನನ್ನಿಂದ ಕಿತ್ತು ಕಂಪ್ಯೂಟರ್ ವಿಭಾಗಕ್ಕೆ ಕೊಡುತ್ತೀಯಂತೆ. ಶುಕ್ರವಾರದ ಸಭೆಯಲ್ಲಿ ಅವರೇ ಮಾತಾಡುತ್ತಾರಂತೆ. ಈ ವಯಸ್ಸಿನಲ್ಲಿ ನಿನಗ್ಯಾಕೆ ಈ ತಲೆನೋವು ಎಂದು ಬೇರೆ ಬರೆದಿದ್ದೀಯ. ಇಬ್ಬರಿಗೂ ನಲವತ್ತೆಂಟೇ, ಮಹಾರಾಯ್ತಿ.

ಬಿಟ್ಟುಕೊಡುವುದಿಲ್ಲ.

ಸೋಮವಾರ ‘ಎಲ್ಲ ಸರಿಯಾಗಿ ಓಡುತ್ತಿದೆ’ ಎಂದು ನಾನು ಹೇಳಿದ್ದು ಸುಳ್ಳು, ಒಪ್ಪಿಕೊಂಡೆ. ನೀನು ಹಂಚಿದ ಸೂಚನೆಯ ಹಾಳೆಯನ್ನು ಎದುರಿಗಿಟ್ಟುಕೊಂಡು ಒಂದಕ್ಷರ ಬಿಡದೆ ಟೈಪ್ ಮಾಡಿದ್ದೆ. ಎಣಿಸಲು ಬೇಕಾದ ಪ್ಯಾಕೇಜ್ ಹಾಕಿಕೋ ಎಂದರೆ ಕಂಪ್ಯೂಟರ್ ‘ಆಗಲೇ ಇದೆ’ ಎನ್ನುತ್ತಿತ್ತು. ಸರಿ ಎಂದು ಪ್ರೋಗ್ರಾಂ ಓಡಿಸಿದರೆ ‘ಅಂಥದ್ದು ಇಲ್ಲವೇ ಇಲ್ಲ’. ಹನ್ನೊಂದು ಸಲ ತೆಗೆದು ಮತ್ತೆ ಹಾಕಿದೆ.

ಇವತ್ತು ಬೆಳಿಗ್ಗೆ ಬೈಯುವುದನ್ನು ಬಿಟ್ಟೆ. ಇದೆ ಎನ್ನುವವನನ್ನೂ ಇಲ್ಲ ಎನ್ನುವವನನ್ನೂ ಬೇರೆ ಬೇರೆಯಾಗಿ ನಿಲ್ಲಿಸಿ, ನಿನ್ನ ವಾಸ ಎಲ್ಲಪ್ಪಾ ಎಂದು ಕೇಳಿದೆ. ಎರಡು ವಿಳಾಸ ಬಂದವು. ನನ್ನ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಓಡಿಸುವ ಪೈಥಾನ್ ಒಂದಲ್ಲ, ಎರಡಿವೆ, ಗುಬ್ಬಿ: ಮೊದಲಿಂದ ಇದ್ದದ್ದೊಂದು, ನಿನ್ನ ಮಾತಿನಂತೆ ನಾನು ಹಾಕಿದ್ದೊಂದು. ನಿನ್ನ ಹಾಳೆಯ ನಾಲ್ಕನೇ ಸಾಲು ಪ್ಯಾಕೇಜನ್ನು ಹಳೆಯದರ ಮನೆಗೆ ತಲುಪಿಸುತ್ತದೆ, ಐದನೇ ಸಾಲು ಹೊಸದನ್ನು ಓಡಿಸುತ್ತದೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಬೇಕಾದ್ದನ್ನು ಹೊಸದೇ ತರಿಸಿಕೊಳ್ಳುವ ಹಾಗೆ ನಾಲ್ಕನೇ ಸಾಲನ್ನು ತಿದ್ದಿದೆ. ಓಡಿತು. ಆ ಹೆಂಗಸರು ಅತಿ ಹೆಚ್ಚು ಬರೆದ ಮಾತು ಯಾವುದು ಗೊತ್ತೇ? ‘ಆಗಲಿ.’

ನಾನು ಆ ಮಾತನ್ನು ನಿನಗೆ ಬರೆಯುತ್ತಿಲ್ಲ. ಇದೇ ಹಾಳೆ ಹಿಡಿದು ನಮ್ಮ ಗುಂಪಿನ ಮೂವರು ಒದ್ದಾಡಿದರು. ಕೈಲಾಗದವರು ಎಂದು ನೀನೇ ಪಟ್ಟಿಯಿಂದ ಅವರ ಹೆಸರು ಹೊಡೆದುಹಾಕಿದೆ. ತಪ್ಪು ಹಾಳೆ ಕೊಟ್ಟು ಆಮೇಲೆ ತಲೆನೋವಿನ ಬಗ್ಗೆ ಮರುಗುವುದು, ಮಗುವನ್ನು ಚಿವುಟಿ ತೊಟ್ಟಿಲು ತೂಗಿದ ಹಾಗೆ. ಶುಕ್ರವಾರ ನಾನೇ ಮಾತಾಡುತ್ತೇನೆ, ಹಾಳೆಯ ವಿಷಯವನ್ನೂ ಹೇಳುತ್ತೇನೆ. ನೀನೇ ಮೊದಲು ಹೇಳಿದರೆ ನನಗೆ ಸಂತೋಷ. ಗೆಳತಿಗೆ ಎರಡು ದಿನ ಮುಂಚೆ ತಿಳಿಸುತ್ತಿರುವುದು ಅದಕ್ಕೇ.

ಜಗಳವಾಡಿದರೂ ನಿನ್ನವಳೇ ಆದ,
ಮುಂಗೋಪಿ

ತಾ.ಕ.: ಆ ಮೂವರಲ್ಲಿ ಒಬ್ಬರು ನಮ್ಮ ಪಕ್ಕದ ಮನೆಯ ಟೀಚರಮ್ಮ. ಅವರ ಹೆಸರು ಹೊಡೆಯುವಾಗ ನಾನು ನಿನ್ನ ಪಕ್ಕದಲ್ಲೇ ಕೂತು ಸುಮ್ಮನಿದ್ದೆ. ಅಂದಿನಿಂದ ಅವರು ಮೆಟ್ಟಿಲಲ್ಲಿ ಎದುರಾದರೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಈಗಷ್ಟೇ ಅವರ ಮನೆಗೆ ಹೋಗಿ, ಹಾಗೆ ಕೂತಿದ್ದನ್ನೂ ಹೇಳಿ, ಅವರ ಕಂಪ್ಯೂಟರಿಗೂ ತಿದ್ದಿದ ಸಾಲು ಹಾಕಿಕೊಟ್ಟು ಬಂದೆ. ಅಲ್ಲೂ ಓಡಿತು. ಬಾಗಿಲ ತನಕ ಬಂದವರು ಚಿಲಕ ಹಿಡಿದುಕೊಂಡೇ ಅಂದರು: “ಕರೆದಿಲ್ಲ ಅಂತ ಗೊತ್ತು ಕಣ್ರೀ. ಶುಕ್ರವಾರ ನಾನೂ ಬರ್ತೀನಿ. ಎಲ್ಲರಿಗಿಂತ ಮುಂದೆ ಕೂತ್ಕೋತೀನಿ, ಎಬ್ಬಿಸೋರು ಎಬ್ಬಿಸಲಿ ನೋಡೋಣ.”